ನೈಫೈಗೆ ಡೇಟಾಬೇಸ್ ಸಿಗುತ್ತಿಲ್ಲವೇ? ಮೊದಲು ಎರರ್‌ನ ಕೊನೆ ಸಾಲು ಓದಿ

ಈ ಸಲವೂ ಅದೇ ಪ್ರಶ್ನೆ. ಊರು ಬೇರೆ, ಕಂಪನಿ ಬೇರೆ, ಸ್ಕ್ರೀನ್‌ಶಾಟ್ ಮಾತ್ರ ಒಂದೇ. ಹಾಗಾಗಿ ಇವತ್ತಿನ ಜಾಗದ ಬಹುಪಾಲು ಅದಕ್ಕೇ ಕೊಡುತ್ತೇನೆ. ಅಪಾಚೆ ನೈಫೈ (ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡುವುದು ಹೇಗೆ, ಅದನ್ನು ಡೇಟಾಬೇಸ್ ಜೊತೆ ಮಾತಾಡಿಸುವ ಡ್ರೈವರ್ ಜಾರ್ ಫೈಲು ಎಲ್ಲಿ ಸಿಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ. ಅಷ್ಟು ಮಾಡಿಕೊಂಡೇ ನೀವು ಬರೆದಿರುತ್ತೀರಿ ಅಂದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿದೆ. ನೈಫೈ ಮನೆಯ ಲ್ಯಾಪ್‌ಟಾಪ್‌ನಲ್ಲಿದೆ. ಕನೆಕ್ಷನ್ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಹಂಚುವ ಭಾಗ) ಎನೇಬಲ್ ಆಯಿತು. ಆದರೆ ಫ್ಲೋ (ಡೇಟಾ ಸಾಗಿಸುವ ಕೆಲಸ) ಶುರು ಮಾಡಿದ ಕೂಡಲೇ ‘ಕೆನಾಟ್ ಕ್ರಿಯೇಟ್ ಪೂಲೆಬಲ್ ಕನೆಕ್ಷನ್ ಫ್ಯಾಕ್ಟರಿ’ ಅಂತ ಎರರ್ ಬಂತು. ಒಂದು ವಿಡಿಯೋ ನೋಡಿ ಪಬ್ಲಿಕ್ ಆಕ್ಸೆಸ್ ಆನ್ ಮಾಡಿದೆ, ಸೆಕ್ಯುರಿಟಿ ಗ್ರೂಪ್‌ನಲ್ಲಿ (ಯಾವ ವಿಳಾಸದವರು ಒಳಬರಬಹುದು ಅನ್ನುವ ಪಟ್ಟಿ) 0.0.0.0/0 ಹಾಕಿದೆ. ತಕ್ಷಣ ಕನೆಕ್ಟ್ ಆಯಿತು. ಹೀಗೇ ಬಿಡಬಹುದಾ? (ದಾವಣಗೆರೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಓದುಗರು)

ಉತ್ತರ: ಬಿಡಬಾರದು. ಓದುವುದನ್ನು ಇಲ್ಲೇ ನಿಲ್ಲಿಸಿ, ಹೋಗಿ ಆ ಸಾಲು ತೆಗೆದು ಬನ್ನಿ.

0.0.0.0/0 ಅಂದರೆ ಇಡೀ ಜಗತ್ತು. ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಎಲ್ಲಿ ತೆರೆದಿದೆ ಅಂತ ಹಗಲೂ ರಾತ್ರಿ ಹುಡುಕುವ ಪ್ರೋಗ್ರಾಮ್‌ಗಳಿವೆ. ನಾನು ಕೆಲಸ ಮಾಡಿದ ಒಂದು ಕಡೆ ‘ಟೆಸ್ಟಿಂಗ್‌ಗೆ ಅರ್ಧ ದಿನ ಮಾತ್ರ’ ಅಂತ ಹೀಗೆ ತೆರೆದಿಟ್ಟಿದ್ದರು. ಸಂಜೆ ಡೇಟಾಬೇಸ್ ಲಾಗ್ ತೆಗೆದು ನೋಡಿದೆ. ಪುಟಗಟ್ಟಲೆ ಒಂದೇ ಸಾಲು: ‘ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್ ಫಾರ್ ಯೂಸರ್ ಪೋಸ್ಟ್‌ಗ್ರೆಸ್’. ಅದು ಮುಗಿದ ಮೇಲೆ ಅಡ್ಮಿನ್, ರೂಟ್, ಟೆಸ್ಟ್ ಅಂತ ಒಂದೊಂದೇ ಹೆಸರು ಹಾಕಿ ಯಾರೋ ಪ್ರಯತ್ನ ಮಾಡುತ್ತಲೇ ಇದ್ದರು. ಆ ಟೇಬಲ್‌ಗಳಲ್ಲಿ ಇದ್ದದ್ದು ಗ್ರಾಹಕರ ಫೋನ್ ನಂಬರು, ಮನೆ ವಿಳಾಸ. ಜನ ನಂಬಿ ಕೊಟ್ಟಿದ್ದು, ಅಲ್ವಾ? ಅವತ್ತಿನಿಂದ ಈ ಒಂದು ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ. ‘ಎಲ್ಲ ಓಪನ್ ಮಾಡಿ, ಕೆಲಸ ಆಗುತ್ತೆ’ ಅನ್ನುವ ವಿಡಿಯೋದವರು, ಜ್ವರ ಯಾಕೆ ಬಂತು ಅಂತ ಕೇಳದೆ ಸ್ಟೀರಾಯ್ಡ್ ಚುಚ್ಚುವ ನಕಲಿ ಡಾಕ್ಟರ್‌ಗಳ ಹಾಗೆ. ಜ್ವರ ಇಳಿಯುತ್ತದೆ, ರೋಗ ಒಳಗೇ ಬೆಳೆಯುತ್ತದೆ.

ಈಗ ನಿಮ್ಮ ಎರರ್‌ಗೆ ಬರೋಣ. ಪೂಲ್ ಎನೇಬಲ್ ಆದ ಮಾತ್ರಕ್ಕೆ ಡೇಟಾಬೇಸ್ ಸಿಕ್ಕಿತು ಅಂದುಕೊಳ್ಳಬೇಡಿ. ಅದು ಸುಮ್ನೆ ತಯಾರಾಗಿ ಕೂತಿರುತ್ತದೆ. ಮೊದಲ ಕ್ವೆರಿ ಬಂದಾಗಲೇ ಬಾಗಿಲು ತಟ್ಟುವುದು. ತಟ್ಟಿದಾಗ ಏನೇ ತಪ್ಪಾದರೂ ಮೇಲೆ ಕಾಣುವುದು ಇದೇ ‘ಪೂಲೆಬಲ್ ಕನೆಕ್ಷನ್ ಫ್ಯಾಕ್ಟರಿ’ ಅನ್ನುವ ಸಾಲು. ಪಾಸ್‌ವರ್ಡ್ ತಪ್ಪಿದರೂ ಅದೇ, ದಾರಿ ಇಲ್ಲದಿದ್ದರೂ ಅದೇ. ಅದನ್ನು ಹುಡುಕಿದರೆ ನೂರು ಉತ್ತರ ಸಿಗುತ್ತವೆ, ಒಂದೂ ನಿಮ್ಮದಾಗಿರುವುದಿಲ್ಲ. ನೈಫೈನ ಲಾಗ್ಸ್ ಫೋಲ್ಡರ್‌ನಲ್ಲಿ ಆ್ಯಪ್ ಲಾಗ್ ತೆರೆದು, ಆ ಎರರ್‌ನಿಂದ ಕೆಳಗಿಳಿಯಿರಿ. ‘ಕಾಸ್ಡ್ ಬೈ’ ಅಂತ ಶುರುವಾಗುವ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಓದಿ. ನಿಜವಾದ ಕಾರಣ ಅಲ್ಲಿರುತ್ತದೆ.

ಅಲ್ಲಿ ‘ಟೈಮ್ಡ್ ಔಟ್’ ಅಂತಿದ್ದರೆ ನಿಮ್ಮ ಮಾತು ಡೇಟಾಬೇಸ್‌ವರೆಗೆ ಹೋಗಿಯೇ ಇಲ್ಲ. ಸೆಕ್ಯುರಿಟಿ ಗ್ರೂಪ್ ತಡೆದಿದೆ, ಇಲ್ಲವೇ ದಾರಿಯೇ ಇಲ್ಲ. ‘ರೆಫ್ಯೂಸ್ಡ್’ ಅಂತಿದ್ದರೆ ಯಾವುದೋ ಮಷೀನ್ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ. ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಒಳಗೆ ನೈಫೈ ಓಡಿಸಿ ‘ಲೋಕಲ್‌ಹೋಸ್ಟ್’ ಅಂತ ಬರೆದವರಿಗೆ ಇದೇ ಬರುತ್ತದೆ. ಅಲ್ಲಿ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರ್, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ‘ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್’ ಅಂತಿದ್ದರೆ ಸಮಾಧಾನ ಪಡಿ. ನೆಟ್‌ವರ್ಕ್ ಸರಿಯಾಗಿದೆ, ಸೆಕ್ಯುರಿಟಿ ಗ್ರೂಪ್ ಕಡೆ ಕೈ ಹಾಕಲೇಬೇಡಿ. ಕೊನೆಯಲ್ಲಿ ‘ನೋ ಎನ್‌ಕ್ರಿಪ್ಶನ್’ ಅಂತಿದ್ದರೆ ಡೇಟಾಬೇಸ್ ಎಸ್‌ಎಸ್‌ಎಲ್ (ಎನ್‌ಕ್ರಿಪ್ಟ್ ಮಾಡಿದ ಕನೆಕ್ಷನ್) ಕೇಳುತ್ತಿದೆ. ಆರ್‌ಡಿಎಸ್‌ನಲ್ಲಿ ಪೋಸ್ಟ್‌ಗ್ರೆಸ್ 15ರಿಂದ ಮುಂದಕ್ಕೆ ಅದು ತಾನಾಗಿಯೇ ಕಡ್ಡಾಯ.

ನಿಮ್ಮದು ಟೈಮ್ಡ್ ಔಟ್ ಆಗಿರಬೇಕು, ಎಲ್ಲ ತೆರೆದಾಗ ಸರಿಹೋಯಿತಲ್ಲ. ಪಬ್ಲಿಕ್ ಆಕ್ಸೆಸ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ‘ಎನ್‌ಎಸ್‌ಲುಕಪ್’ ಅಂತ ಹಾಕಿ ಮುಂದೆ ಆರ್‌ಡಿಎಸ್ ಎಂಡ್‌ಪಾಯಿಂಟ್ (ನಿಮ್ಮ ಡೇಟಾಬೇಸ್‌ಗೆ ಅಮೆಜಾನ್ ಕೊಟ್ಟ ಹೆಸರು) ಕೊಡಿ. ಬರುವ ವಿಳಾಸ 172.31ರಿಂದಲೋ 10ರಿಂದಲೋ ಶುರುವಾಗುತ್ತದೆ. ಅದು ಕ್ಲೌಡ್ ಒಳಗಿನ ಖಾಸಗಿ ವಿಳಾಸ. ದಾವಣಗೆರೆಯ ನಿಮ್ಮ ಮನೆಯಿಂದ ಅಲ್ಲಿಗೆ ನೇರ ದಾರಿ ಇಲ್ಲ, ಇರಲೂಬಾರದು.

ಸರಿಯಾದ ದಾರಿ ಎರಡು. ಕಲಿಯುವ ಹಂತದಲ್ಲಿದ್ದರೆ ಕಂಪನಿಯ ವಿಪಿಎನ್, ಅಥವಾ ಆ ನೆಟ್‌ವರ್ಕ್‌ನ ಒಳಗಿರುವ ಒಂದು ಮಷೀನ್ ಮೂಲಕ ಎಸ್‌ಎಸ್‌ಎಚ್ ಟನಲ್ (ಎನ್‌ಕ್ರಿಪ್ಟ್ ಆದ ಸುರಂಗದಂಥ ದಾರಿ). ದಿನಾ ಓಡುವ ಫ್ಲೋ ಆದರೆ ನೈಫೈಯನ್ನೇ ಡೇಟಾಬೇಸ್ ಇರುವ ಅದೇ ವಿಪಿಸಿ (ಕ್ಲೌಡ್‌ನಲ್ಲಿ ನಿಮ್ಮ ಖಾಸಗಿ ನೆಟ್‌ವರ್ಕ್) ಒಳಗಿನ ಸರ್ವರ್‌ಗೆ ಹಾಕಿ. ಆಮೇಲೆ ಡೇಟಾಬೇಸ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಸೋರ್ಸ್ ಅಂತ ಇರುವ ಕಡೆ ಐಪಿ ಬರೆಯಬೇಡಿ, ನೈಫೈ ಸರ್ವರ್‌ನ ಸೆಕ್ಯುರಿಟಿ ಗ್ರೂಪ್‌ನ ಐಡಿ ಕೊಡಿ. ನಾಳೆ ಸರ್ವರ್‌ನ ಐಪಿ ಬದಲಾದರೂ ತಲೆನೋವಿಲ್ಲ. ‘ನನ್ನ ಮನೆ ಐಪಿ ಒಂದೇ ಹಾಕಿದರೆ?’ ಅಂತ ಮುಂದಿನ ಪತ್ರ ಬರುತ್ತದೆ, ಗೊತ್ತು. 0.0.0.0/0ಗಿಂತ ವಾಸಿ. ಆದರೆ ಮನೆ ಇಂಟರ್ನೆಟ್‌ನ ಐಪಿ ಬದಲಾಗುತ್ತಿರುತ್ತದೆ, ಎಷ್ಟೋ ಕಡೆ ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಗ್ರಾಹಕರ ಡೇಟಾ ಇರುವ ಕಡೆ ನಾನು ಒಪ್ಪುವುದಿಲ್ಲ.

ಇನ್ನೆರಡು ಮಾತು. ಜೆಡಿಬಿಸಿ ಯುಆರ್‌ಎಲ್‌ನಲ್ಲಿ (ಪೂಲ್‌ಗೆ ಡೇಟಾಬೇಸ್‌ನ ವಿಳಾಸ ಹೇಳುವ ಸಾಲು) ಎಸ್‌ಎಸ್‌ಎಲ್ ಮೋಡ್ ‘ರಿಕ್ವೈರ್’ ಅಂತ ಬರೆದು ನಿಶ್ಚಿಂತೆಯಾಗಿ ಇರುವವರು ಬಹಳ ಜನ. ಅದು ಮಾತನ್ನು ಗುಟ್ಟಾಗಿ ಸಾಗಿಸುತ್ತದೆ, ಆ ಕಡೆ ಇರುವುದು ನಿಮ್ಮ ಡೇಟಾಬೇಸೇ ಹೌದಾ ಅಂತ ನೋಡುವುದಿಲ್ಲ. ‘ವೆರಿಫೈ-ಫುಲ್’ ಹಾಕಿ, ಅಮೆಜಾನ್ ಕೊಡುವ ಸರ್ಟಿಫಿಕೇಟ್ ಫೈಲಿನ ದಾರಿಯನ್ನೂ ಬರೆಯಿರಿ. ಟನಲ್ ಮೂಲಕ ಹೋದರೆ ಹೆಸರು ಲೋಕಲ್‌ಹೋಸ್ಟ್ ಆಗಿರುವುದರಿಂದ ವೆರಿಫೈ-ಫುಲ್ ಒಪ್ಪುವುದಿಲ್ಲ. ಆಗ ‘ವೆರಿಫೈ-ಸಿಎ’ ಸಾಕು. ಇನ್ನೊಂದು, ನೈಫೈಗೆ ಮಾಸ್ಟರ್ ಯೂಸರ್ (ಡೇಟಾಬೇಸ್‌ನ ಮುಖ್ಯ ಅಧಿಕಾರದ ಖಾತೆ) ಕೊಡಲೇಬೇಡಿ. ಬೇಕಾದ ನಾಲ್ಕು ಟೇಬಲ್ ಓದಲು ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿ. ಐದು ನಿಮಿಷದ ಕೆಲಸ.

ಪ್ರಶ್ನೆ: ಬೆಳಗ್ಗೆ ಮೊದಲ ರನ್ ಫೇಲ್ ಆಗುತ್ತದೆ, ಎರಡನೆಯದು ಸರಿಹೋಗುತ್ತದೆ. ನಮ್ಮ ನೈಫೈ ಎನ್‌ಎಟಿ ಗೇಟ್‌ವೇ (ಖಾಸಗಿ ನೆಟ್‌ವರ್ಕ್‌ನಿಂದ ಹೊರಗೆ ಹೋಗುವ ಬಾಗಿಲು) ಮೂಲಕ ಹೋಗುತ್ತದೆ.

ಉತ್ತರ: ಅಮೆಜಾನ್‌ನ ಆ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್‌ಗಳನ್ನು ಕಡಿದುಹಾಕುತ್ತದೆ. ಪೂಲ್‌ಗೆ ಅದು ಗೊತ್ತಾಗುವುದಿಲ್ಲ. ವ್ಯಾಲಿಡೇಶನ್ ಕ್ವೆರಿ ಅನ್ನುವ ಜಾಗದಲ್ಲಿ ‘ಸೆಲೆಕ್ಟ್ 1’ ಹಾಕಿ, ಕನೆಕ್ಷನ್ ಕೊಡುವ ಮೊದಲು ಅದು ಬದುಕಿದೆಯಾ ಅಂತ ಪೂಲ್ ನೋಡಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಮೂರು ನೋಡ್‌ಗಳ ಕ್ಲಸ್ಟರ್, ಅಂದರೆ ಒಟ್ಟಿಗೆ ಓಡುವ ಮೂರು ನೈಫೈ ಸರ್ವರ್. ಪ್ರತಿ ಸಾಲೂ ಮೂರು ಸಲ ಬರುತ್ತಿದೆ.

ಉತ್ತರ: ಟೇಬಲ್ ಓದುವ ಪ್ರೊಸೆಸರ್ (ಫ್ಲೋದ ಒಂದು ಹೆಜ್ಜೆ) ಪ್ರೈಮರಿ ನೋಡ್‌ನಲ್ಲಿ ಮಾತ್ರ ಓಡಬೇಕು. ಶೆಡ್ಯೂಲಿಂಗ್ ಪುಟ ನೋಡಿ.

ಪ್ರಶ್ನೆ: ಮೂರು ನೋಡ್ ಇವೆ, ಐದು ಫ್ಲೋಗೆ ಒಂದೊಂದು ಪೂಲ್ ಮಾಡಿದ್ದೇವೆ. ಡೇಟಾಬೇಸ್‌ನಿಂದ ‘ಟೂ ಮೆನಿ ಕ್ಲೈಂಟ್ಸ್’ ಅಂತ ಬರುತ್ತಿದೆ. ದೊಡ್ಡ ಇನ್‌ಸ್ಟನ್ಸ್ ತಗೊಳ್ಳಿ ಅಂತ ಒಬ್ಬ ಕನ್ಸಲ್ಟೆಂಟ್ ಹೇಳಿದರು.

ಉತ್ತರ: ದುಡ್ಡು ಹಾಳುಮಾಡಬೇಡಿ. ಪೂಲ್‌ನ ಗರಿಷ್ಠ ಕನೆಕ್ಷನ್ ಮೊದಲೇ 8 ಅಂತ ಇರುತ್ತದೆ. ಅದು ಒಂದು ನೋಡ್‌ನ ಒಂದು ಪೂಲ್‌ಗೆ. ಮೂರು ನೋಡ್, ಐದು ಪೂಲ್ ಅಂದರೆ 120 ಆಯಿತು. ಪ್ರತಿ ಫ್ಲೋಗೂ ಒಂದೊಂದು ಪೂಲ್ ಮಾಡಿದ್ದೀರಿ, ಅದು ಜಾಸ್ತಿಯಾಯಿತು. ಒಂದನ್ನೇ ಎಲ್ಲರೂ ಬಳಸಿ.

ಪ್ರಶ್ನೆ: ಪುಕ್ಕಟೆ ಸಿಗುವ ನೈಫೈಯನ್ನು ನಂಬಬಹುದಾ?

ಉತ್ತರ: ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ತನ್ನ ಕೆಲಸಕ್ಕೆ ಕಟ್ಟಿಕೊಂಡು 2014ರಲ್ಲಿ ಅಪಾಚೆ ಫೌಂಡೇಶನ್‌ಗೆ ಕೊಟ್ಟಿದ್ದು. ನಂಬಬಹುದು.

ಪ್ರಶ್ನೆ: ಹಳೆಯ ಸಾಲಿನಲ್ಲಿ ತಿದ್ದಿದರೆ ಫ್ಲೋಗೆ ಗೊತ್ತಾಗುತ್ತಿಲ್ಲ. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ಸ್ಕ್ರೀನ್‌ಶಾಟ್ ನೋಡಿದೆ. ಮ್ಯಾಕ್ಸಿಮಮ್ ವ್ಯಾಲ್ಯೂ ಕಾಲಂಗೆ (ಎಲ್ಲಿವರೆಗೆ ಓದಿದೆ ಅಂತ ನೈಫೈ ನೆನಪಿಡುವ ಕಾಲಂ) ಐಡಿ ಕೊಟ್ಟಿದ್ದೀರಿ, ಅದು ಹೊಸ ಸಾಲನ್ನು ಮಾತ್ರ ಹಿಡಿಯುತ್ತದೆ. ಯಾವಾಗ ತಿದ್ದಿದ್ದು ಅನ್ನುವ ಸಮಯದ ಕಾಲಂ ಕೊಡಿ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ಆ ಚಿತ್ರದಲ್ಲಿ ಜೆಡಿಬಿಸಿ ಯುಆರ್‌ಎಲ್ ಒಳಗೇ ನಿಮ್ಮ ಪಾಸ್‌ವರ್ಡ್ ಇದೆ. ಪಾಸ್‌ವರ್ಡ್‌ಗೆ ಅಂತ ಇರುವ ಜಾಗದಲ್ಲಿ ಬರೆದರೆ ನೈಫೈ ಅದನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ, ಯುಆರ್‌ಎಲ್‌ನಲ್ಲಿ ಬರೆದರೆ ಹಾಗೇ ಬಿಚ್ಚಿಟ್ಟಂತೆ ಉಳಿಯುತ್ತದೆ. ನಾನು ಚಿತ್ರ ಅಳಿಸಿದ್ದೇನೆ. ನೀವು ಇವತ್ತೇ ಪಾಸ್‌ವರ್ಡ್ ಬದಲಾಯಿಸಿ, ಆಯಿತು ಅಂತ ಒಂದು ಸಾಲು ಬರೆದು ತಿಳಿಸಿ.