ಕಂಬದೊಳಗೆ ಎಂತ ಉಂಟು?

(ನಾನು ಆಪ್ತಸಲಹೆಗಾರ್ತಿ. ಸಿನಿಮಾ ನೋಡಿ ಹೆದರಿದ ಒಂದು ಮಗುವಿನ ಕಥೆ ಇದು. ಮನೆಯವರ ಗುರುತು ಸಿಗದ ಹಾಗೆ ಹೆಸರು, ಕೆಲಸ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ತಾಯಿ ಮೊದಲು ಫೋನಿನಲ್ಲಿ ಹೇಳಿದ್ದು ಶಾಲೆ ವ್ಯಾನಿನ ವಿಷಯ. ಮಂಗಳೂರಿನ ಫ್ಲಾಟು, ಯುಕೆಜಿ ಹುಡುಗ, ಐದು ವರ್ಷ ತುಂಬಿ ಎರಡು ತಿಂಗಳು. ಇಲ್ಲಿ ಅವನನ್ನು ಚಿನ್ನು ಎನ್ನೋಣ. ಮೂರು ವಾರದಿಂದ ಬೆಳಿಗ್ಗೆ ಲಿಫ್ಟ್ ಕೆಳಗಿಳಿದು ಬಾಗಿಲು ತೆರೆದರೆ ಸಾಕು, ಅಮ್ಮನ ಸೊಂಟ ಹಿಡಿದು ಕಿರುಚಾಟ. ರಾತ್ರಿ ಎದ್ದು ಬಂದು ಅಪ್ಪ ಅಮ್ಮನ ನಡುವೆ ನುಸುಳುತ್ತಾನೆ. ಒಂದೂವರೆ ವರ್ಷದ ಹಿಂದೆ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ.

ಐದು ವರ್ಷದ ಮಗು ಇದ್ದಕ್ಕಿದ್ದ ಹಾಗೆ ವ್ಯಾನ್ ಬೇಡ ಎಂದರೆ ಆಪ್ತಸಲಹೆಗಾರರ ತಲೆಗೆ ಮೊದಲು ಬರುವುದು ಸಿನಿಮಾ ಅಲ್ಲ, ಬರಲೂಬಾರದು. ವ್ಯಾನಿನಲ್ಲಿ ಯಾರ್ಯಾರು ಇರುತ್ತಾರೆ, ಎತ್ತಿ ಕೂರಿಸುವವರು ಯಾರು, ಶಾಲೆಯಲ್ಲಿ ಬಟ್ಟೆ ಬದಲಿಸುವವರು ಯಾರು, ಯಾರಾದರೂ ಹೊಡೆದರಾ, ಮುಟ್ಟಿದರಾ ಎಂದು ಒಂದೊಂದಾಗಿ ವಿಚಾರಿಸಿದೆ. ಮೊದಲ ಭೇಟಿ ಪೂರ್ತಿ ಇದಕ್ಕೇ ಹೋಯಿತು. ಏನೂ ಸಿಗಲಿಲ್ಲ. ವ್ಯಾನಿನೊಳಗೆ ಕೂತ ಮೇಲೆ ಹುಡುಗ ಆರಾಮಾಗಿಯೇ ಇರುತ್ತಾನೆ, ಹಾಡು ಹೇಳುತ್ತಾನೆ ಎಂದು ಆಯಾ ತಾಯಿಗೆ ಹೇಳಿದ್ದರಂತೆ. ಆ ಮಾತನ್ನು ನಾನು ಆಗಲೇ ಸರಿಯಾಗಿ ಕಿವಿಗೆ ಹಾಕಿಕೊಳ್ಳಬೇಕಿತ್ತು. ತೊಂದರೆ ಇದ್ದದ್ದು ವ್ಯಾನಿನಲ್ಲಲ್ಲ, ಲಿಫ್ಟಿಗೂ ವ್ಯಾನಿಗೂ ನಡುವಿನ ಇಪ್ಪತ್ತು ಹೆಜ್ಜೆಯಲ್ಲಿ.

ಎರಡನೇ ಸಲ ಅದು ತಾನಾಗಿ ಗೊತ್ತಾಯಿತು. ನಾನು ಕೂತುಕೊಳ್ಳುವುದು ಒಂದು ಹಳೆಯ ಹಂಚಿನ ಮನೆಯಲ್ಲಿ, ಜಗಲಿಗೆ ಎರಡು ದುಂಡು ಕಂಬಗಳಿವೆ. ಮೊದಲ ಸಲ ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡು ಒಳಗೆ ಬಂದಿದ್ದ, ನಾಚಿಕೆ ಎಂದುಕೊಂಡಿದ್ದೆ. ಈ ಸಲ ನಡೆದುಕೊಂಡು ಬಂದವನು ಕಂಬದಿಂದ ಆದಷ್ಟು ದೂರ, ಗೋಡೆಗೆ ಬೆನ್ನು ತಾಗಿಸಿಕೊಂಡು ಸರಿಯುತ್ತಾ ಬಂದ. ಒಳಗೆ ಕೂತು ಮಣ್ಣಿನಲ್ಲಿ ಆಟ ಆಡುತ್ತಿದ್ದವನು ಕೇಳಿದ:

"ಆ ಕಂಬದ ಒಳಗೆ ಎಂತ ಉಂಟು?"

"ನಿನಗೆ ಎಂತ ಉಂಟು ಅಂತ ಕಾಣ್ತದೆ?"

ಬಾಗಿಲ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಸಿಂಹದ ಮಾಮ. ಹೊಟ್ಟೆ ತೆಗೀತಾನೆ."

ಅವರ ಫ್ಲಾಟಿನ ಕೆಳಗಿನ ಪಾರ್ಕಿಂಗ್ ತುಂಬಾ ಕಂಬಗಳು. ಎಷ್ಟಿವೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಚಿನ್ನುವಿಗೆ ಗೊತ್ತಿತ್ತು: ಹದಿನಾಲ್ಕು.

ಮೂರನೇ ಭೇಟಿಗೆ ದೊಡ್ಡವರನ್ನು ಮಾತ್ರ ಬರಹೇಳಿದೆ, ಅಜ್ಜಿಯನ್ನೂ. ಆದದ್ದು ಇಷ್ಟು. ಹಗಲು ಮಗುವನ್ನು ನೋಡಿಕೊಳ್ಳುವವರು ಅಜ್ಜಿ, ಅಂದರೆ ತಂದೆಯ ತಾಯಿ. ಮೊಣಕಾಲು ನೋವು. ಅನ್ನದ ಬಟ್ಟಲು ಹಿಡಿದು ಮಗುವಿನ ಹಿಂದೆ ಓಡಲು ಆಗುವುದಿಲ್ಲ, ಟಿವಿ ಹಾಕಿದರೆ ಕೂತಲ್ಲೇ ಉಣ್ಣುತ್ತಾನೆ. ಒಂದು ಮಧ್ಯಾಹ್ನ ಪ್ರಹ್ಲಾದನ ಕಥೆಯ ಹಳೆಯ ಸಿನಿಮಾ ಹಾಕಿದ್ದಾರೆ. ಕಂಬ ಒಡೆದು ನರಸಿಂಹ ಹೊರಗೆ ಬಂದಾಗ ಹುಡುಗನ ಬಾಯಲ್ಲಿದ್ದ ತುತ್ತು ಹಾಗೇ ಉಳಿಯಿತಂತೆ. ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗ ಕಿರುಚಿಕೊಂಡು ಕೋಣೆಗೆ ಓಡಿದ. ಅಜ್ಜಿ ಗಾಬರಿಯಾಗಿ ಟಿವಿ ಆರಿಸಿದರು.

"ದೇವರ ಸಿನಿಮಾ ಅಲ್ವಾ ಮಾರಾಯ್ರೆ," ಎಂದರು ಅವರು. "ನಾವೆಲ್ಲ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದವರು. ನಮಗೆ ಎಂತ ಆಗಿದೆ?"

"ಕಾರ್ಟೂನ್ ಮಾತ್ರ ಹಾಕಿ ಅಂತ ನಾನು ಅತ್ತೆಗೆ ನೂರು ಸಲ ಹೇಳಿದ್ದೆ ಮೇಡಂ," ಎಂದರು ತಾಯಿ. ತಂದೆ ಸೀಲಿಂಗ್ ಫ್ಯಾನು ನೋಡುತ್ತಿದ್ದರು. ಕೇಳಿದ ಮೇಲೆ ಹೇಳಿದರು: ರಾತ್ರಿ ಊಟ ಆದ ಮೇಲೆ ತಾನೂ ಒಂದು ಗಂಟೆ ಸಿನಿಮಾ ನೋಡುತ್ತೇನೆ, ಹೊಡೆದಾಟದ್ದೇ ಹೆಚ್ಚು. "ಆದರೆ ಅವನು ನೋಡುದಿಲ್ಲ ಮೇಡಂ, ಅಲ್ಲೇ ಕೆಳಗೆ ಕಾರ್ ಇಟ್ಕೊಂಡು ಆಡ್ತಿರ್ತಾನೆ."

ಈ ಮೂವರೂ ಮಗುವಿನ ಮೇಲೆ ಪ್ರೀತಿ ಇರುವವರು. ಮೂವರೂ ನಂಬಿದ್ದು ಮಾತ್ರ ಹೊರಗಿನ ಚೀಟಿಯನ್ನು. ಒಬ್ಬರಿಗೆ 'ದೇವರದ್ದು', ಒಬ್ಬರಿಗೆ 'ಕಾರ್ಟೂನು', ಇನ್ನೊಬ್ಬರಿಗೆ 'ಅವನು ನೋಡುತ್ತಿಲ್ಲ'. ಒಳಗೆ ಏನಿದೆ ಎಂದು ಯಾರೂ ಐದು ವರ್ಷದ ಕಣ್ಣಿನಿಂದ ನೋಡಿರಲಿಲ್ಲ.

ಆ ಕಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು. ಸುಮಾರು ಏಳು ವರ್ಷದ ತನಕ ಮಕ್ಕಳನ್ನು ಹೆದರಿಸುವುದು ಅರ್ಥ ಅಲ್ಲ, ರೂಪ. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಹಸಿರು ಮೈಯ ದೈತ್ಯನಾಗಿ ಬದಲಾಗುವ 'ಹಲ್ಕ್' ಟಿವಿ ಧಾರಾವಾಹಿಯನ್ನು ನೋಡಿದ ಚಿಕ್ಕ ಮಕ್ಕಳು ಹೆಚ್ಚು ಹೆದರಿದ್ದು, ಒಳ್ಳೆಯ ಮನುಷ್ಯ ಕಣ್ಣೆದುರೇ ಬೇರೆ ರೂಪಕ್ಕೆ ತಿರುಗುವ ಕ್ಷಣದಲ್ಲಿ. ಆ ದೈತ್ಯ ಜನರನ್ನು ಕಾಪಾಡಲು ಬಂದವನು ಎನ್ನುವುದು ದೊಡ್ಡ ಮಕ್ಕಳಿಗೆ ಸಮಾಧಾನ, ಸಣ್ಣವರಿಗೆ ಲೆಕ್ಕಕ್ಕೇ ಇಲ್ಲ. ನಮ್ಮ ನರಸಿಂಹನೂ ಕಾಪಾಡಲು ಬಂದವನೇ. ಅಜ್ಜಿಗೆ ಕಂಡದ್ದು ಅದು. ಚಿನ್ನುವಿಗೆ ಕಂಡದ್ದು ಹಲ್ಲು, ಉಗುರು, ಅರ್ಧ ಪ್ರಾಣಿಯಾದ ಮನುಷ್ಯ, ಜೊತೆಗೆ ಆ ಸದ್ದು. ಸದ್ದು ಅರ್ಧ ಹೆದರಿಕೆ. ಕೆಳಗೆ ಕಾರ್ ಆಡುವ ಮಗು ಚಿತ್ರ ನೋಡದೇ ಇರಬಹುದು, ಹೊಡೆದಾಟದ ಸದ್ದಾದಾಗೆಲ್ಲ ತಲೆ ಎತ್ತುತ್ತದೆ. ಅಂದರೆ ಅದು ನೋಡುವುದು ಹೊಡೆದಾಟವನ್ನು ಮಾತ್ರ.

ನನಗೆ ಹೆಚ್ಚು ಮುಖ್ಯ ಎನಿಸಿದ್ದು ಅಜ್ಜಿ ಟಿವಿ ಆರಿಸಿದ ವಿಷಯ. ತಪ್ಪು ಎನ್ನುತ್ತಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಕಥೆ ಅಲ್ಲೇ ತುಂಡಾಯಿತು. ಆ ಮಗುವಿನ ಮಟ್ಟಿಗೆ ನರಸಿಂಹ ಇನ್ನೂ ಹೊಸ್ತಿಲ ಮೇಲೇ ಕೂತಿದ್ದಾನೆ, ಕೋಪ ಇಳಿದಿಲ್ಲ, ಎದ್ದು ಎಲ್ಲಿಗೆ ಹೋದ ಎಂದೂ ಗೊತ್ತಿಲ್ಲ. ಹೋದದ್ದು ಕಂಬಕ್ಕೇ ಇರಬೇಕು, ಬಂದದ್ದು ಅಲ್ಲಿಂದ ತಾನೇ? ತರ್ಕದಲ್ಲಿ ಏನೂ ತಪ್ಪಿಲ್ಲ.

ಅಜ್ಜಿಯನ್ನು ಕೇಳಿದೆ: "ಅಮ್ಮ, ಆಮೇಲೆ ಎಂತ ಆಗ್ತದೆ ಕಥೆಯಲ್ಲಿ?" ಅವರ ಮುಖ ಅರಳಿತು. ದೇವತೆಗಳಿಗೂ ಹತ್ತಿರ ಹೋಗಲು ಧೈರ್ಯ ಬರಲಿಲ್ಲ, ಲಕ್ಷ್ಮಿಯೇ ಹಿಂದೆ ಸರಿದಳು, ಕೊನೆಗೆ ಬ್ರಹ್ಮ ಕಳಿಸಿದ್ದು ಐದು ವರ್ಷದ ಪ್ರಹ್ಲಾದನನ್ನು, ಹುಡುಗ ಹೋಗಿ ಅಡ್ಡಬಿದ್ದ, ನರಸಿಂಹ ಎಬ್ಬಿಸಿ ತಲೆಯ ಮೇಲೆ ಕೈಯಿಟ್ಟ. ಭಾಗವತದ ಏಳನೇ ಸ್ಕಂಧ ಅವರ ಬಾಯಲ್ಲಿ ನೀರು ಹರಿದ ಹಾಗೆ ಬಂತು. ಚಿನ್ನುವಿಗೆ ಮದ್ದು ಅಲ್ಲೇ ಇತ್ತು. ಸೊಸೆಯ ಮುಂದೆ ಮೂಲೆಗೆ ಸರಿದಿದ್ದ ಆ ಹೆಂಗಸಿಗೂ ಅದು ಬೇಕಿತ್ತು ಎಂದು ನನಗೆ ಅನಿಸಿತು.

ಹಾಗಾಗಿ ಮೊದಲ ಸಲಹೆ ಅವರಿಗೆ. ಸಿನಿಮಾ ಪೂರ್ತಿ ತೋರಿಸುವುದು ಬೇಡ. ಹಗಲು ಹೊತ್ತಿನಲ್ಲಿ, ಮಡಿಲಲ್ಲಿ ಕೂರಿಸಿಕೊಂಡು ಬಾಯಲ್ಲಿ ಹೇಳಿ, ಕೊನೆಯಿಂದ ಶುರು ಮಾಡಿದರೂ ಅಡ್ಡಿಯಿಲ್ಲ. ಬಾಯಲ್ಲಿ ಕೇಳಿದ ಕಥೆಯ ಸಿಂಹವನ್ನು ಮಗು ತನಗೆ ತಡೆಯುವಷ್ಟೇ ದೊಡ್ಡದಾಗಿ ಕಟ್ಟಿಕೊಳ್ಳುತ್ತದೆ. ತೆರೆಯ ಸಿಂಹ ಹಾಗಲ್ಲ, ಬೇರೆಯವರು ಅಳತೆ ಮಾಡಿ ಕೊಟ್ಟದ್ದು.

ತಂದೆಗೆ: "ಅದೆಲ್ಲ ಸುಳ್ಳು, ಕಂಬದಲ್ಲಿ ಯಾರೂ ಇಲ್ಲ" ಎಂಬ ಪಾಠ ಬೇಡ. ಈ ವಯಸ್ಸಿಗೆ ಮಾತಿನ ಸಮಾಧಾನ ಹಿಡಿಯುವುದಿಲ್ಲ. ಅಪ್ಪಿಕೊಳ್ಳುವುದು, ಕೈ ಹಿಡಿಯುವುದು, ಕುಡಿಯಲು ಏನಾದರೂ ಕೊಡುವುದು ಹಿಡಿಯುತ್ತದೆ. ನಗಬೇಡಿ, ಒತ್ತಾಯ ಮಾಡಿ ಕಂಬ ಮುಟ್ಟಿಸಬೇಡಿ. ಇನ್ನೊಂದು ಕೆಲಸವನ್ನೂ ಕೊಟ್ಟೆ. ಅವರ ಗುರುತಿನವರೊಬ್ಬರು ಯಕ್ಷಗಾನ ಮೇಳದಲ್ಲಿದ್ದರು, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಆಟ ನೋಡಲು ಬೇಡ, ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ ಎಂದೆ. ಸಾದಾ ಅಂಗಿ ಹಾಕಿದ ಮನುಷ್ಯ ಕನ್ನಡಿ ಮುಂದೆ ಕೂತು, ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ, ಅಂದರೆ ಬಿಳಿ ಚುಕ್ಕಿ, ಒಂದೊಂದೇ ಇಟ್ಟು ರಾಕ್ಷಸನಾಗುವುದನ್ನು ಮೊದಲಿನಿಂದ ನೋಡಲಿ. ಇದು ಎಲ್ಲ ಮಕ್ಕಳಿಗೆ ಹೇಳುವ ಸಲಹೆಯಲ್ಲ. ಮಗು ಬೇಡ ಎಂದ ಕೂಡಲೇ ತಿರುಗಿ ಬರಬೇಕು ಎಂದು ಮಾತು ತೆಗೆದುಕೊಂಡಿದ್ದೆ. ಮೊದಲ ಸಲ ಚಿನ್ನು ಕಾರಿನಿಂದ ಇಳಿಯಲೇ ಇಲ್ಲ, ತಿರುಗಿ ಬಂದರು. ಎರಡನೇ ಸಲ ಅಪ್ಪನ ಸೊಂಟದ ಮೇಲೆ ಕೂತು ಅರ್ಧ ಗಂಟೆ ನೋಡಿ, ಆ ರಾಕ್ಷಸ ವೇಷದವರನ್ನು ಕೇಳಿದನಂತೆ: "ಕನ್ನಡಿ ನೋಡುವಾಗ ನಿಮಗೆ ಹೆದರಿಕೆ ಆಗುದಿಲ್ವಾ?"

ತಾಯಿಯ ಪ್ರಶ್ನೆ ಬೇರೆಯೇ ಇತ್ತು: ಹಾಗಾದರೆ ಮನೆಯಲ್ಲಿ ಏನು ತೋರಿಸಬೇಕು? ಪಟ್ಟಿ ಕೊಡಿ ಎಂದರು. ಪಟ್ಟಿಗಿಂತ ಮೊದಲು ನೋಡುವ ರೀತಿ ಹೇಳಿದೆ.

'ಯು' ಪ್ರಮಾಣಪತ್ರ ಎಂದರೆ ಯಾರಿಗೂ ತಡೆ ಇಲ್ಲ ಎಂದಷ್ಟೇ, ಮಕ್ಕಳಿಗಾಗಿ ಮಾಡಿದ್ದು ಎಂದಲ್ಲ. 2023ರ ಕಾಯ್ದೆ ತಿದ್ದುಪಡಿಯ ನಂತರ ಸೆನ್ಸಾರ್ ಮಂಡಳಿ ಯುಎ ಗುಂಪನ್ನು, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದನ್ನು, 7+, 13+, 16+ ಎಂದು ಒಡೆದಿದೆ, ಇದು ಉಪಯೋಗಕ್ಕೆ ಬರುತ್ತದೆ. ಹಳೆಯ ಸಿನಿಮಾಗಳಿಗೆ ಈ ಗೆರೆ ಇಲ್ಲ. ಒಟಿಟಿಗಳಿಗೂ 2021ರ ನಿಯಮದಂತೆ ವಯಸ್ಸಿನ ಗುರುತು ಇದೆ, 13+ ಮತ್ತು ಅದರ ಮೇಲಿನದ್ದಕ್ಕೆ ಬೀಗ ಹಾಕುವ ಸೌಲಭ್ಯ ಕೊಡಲೇಬೇಕು. ಬೀಗ ಹಾಕಿ, ಆದರೆ ಬೀಗ ಹಾಕಿದೆವೆಂದು ಎದ್ದು ಹೋಗಬೇಡಿ. ಮಕ್ಕಳಿಗೆ ಏನು ಹಾಕುವುದಿದ್ದರೂ ಮೊದಲು ನೀವು ನೋಡಿ. ಪೂರ್ತಿ ನೋಡಲು ಸಮಯವಿಲ್ಲದಿದ್ದರೆ ಮೊದಲ ಹದಿನೈದು ನಿಮಿಷ ಮತ್ತು ಕೊನೆಯ ಹದಿನೈದು ನಿಮಿಷ. ಮೊದಲ ನಿಮಿಷಗಳಲ್ಲೇ ತಾಯಿ ಸಾಯುವ ಕಾರ್ಟೂನುಗಳು ಒಂದೆರಡಲ್ಲ: 2003ರ 'ಫೈಂಡಿಂಗ್ ನೀಮೋ' ಶುರುವಾಗುವುದೇ ತಾಯಿ ಮೀನು ಇಲ್ಲವಾಗುವುದರಿಂದ. ಚಿನ್ನುವಿನ ತಾಯಿ ಇದನ್ನು ಕೇಳಿ ಸುಮ್ಮನಾದರು. ಅದನ್ನು ಅವರೇ ಹಾಕಿಕೊಟ್ಟಿದ್ದರು, ಬ್ಯಾಂಕಿನಿಂದ ತಡವಾದ ದಿನ ಮಗ ಬಾಗಿಲಲ್ಲೇ ಕೂತಿರುತ್ತಿದ್ದದ್ದು ನೆನಪಾಯಿತು. ಎರಡಕ್ಕೂ ಸಂಬಂಧ ಇದ್ದೇ ಇದೆ ಎಂದು ನಾನು ಹೇಳಲಾರೆ. ಒಳ್ಳೆಯ ಸಿನಿಮಾವೇ ಅದು, ಎರಡು ಮೂರು ವರ್ಷ ಕಾಯಬಹುದಿತ್ತು, ಅಷ್ಟೆ.

ಹೆದರಿಕೆ, ದುಃಖ ಪೂರಾ ಇಲ್ಲದ ಸಿನಿಮಾವನ್ನೇ ಹುಡುಕುವುದೂ ಬೇಡ. ನಾನು ಹುಡುಕುವುದು ಮೂರು ನೋಡಿ: ವೇಗ ನಿಧಾನ ಇರಬೇಕು, ಕೆಡುಕ ಇಲ್ಲದಿದ್ದರೆ ಒಳ್ಳೆಯದು, ಮಗು ಮನಸ್ಸು ಮುದುಡಿಕೊಂಡ ಕಡೆ ಕಥೆ ನಿಲ್ಲದೆ ದಾಟಿ ಹೋಗಬೇಕು. ಜಪಾನಿನ ಹಯಾವೊ ಮಿಯಾಝಾಕಿಯವರ 'ಮೈ ನೇಬರ್ ಟೊಟೊರೊ' (1988) ಹಾಗಿದೆ. ಖಳನೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ತಂಗಿ ಕಳೆದುಹೋಗುತ್ತಾಳೆ, ಸಿಗುತ್ತಾಳೆ. ಸುಮಾರು ಒಂದೂವರೆ ಗಂಟೆ, ಎರಡು ದಿನಕ್ಕೆ ಹಂಚಿ ನೋಡಬಹುದು. ಫ್ರಾನ್ಸಿನ 'ರೆಡ್ ಬಲೂನ್' (1956) ಬರೀ ಮೂವತ್ತೈದು ನಿಮಿಷ, ಮಾತು ಇಲ್ಲವೇ ಇಲ್ಲ ಎನ್ನಬಹುದು. ಅದರಲ್ಲಿ ಪುಂಡ ಹುಡುಗರು ಬಲೂನನ್ನು ಕೊಲ್ಲುತ್ತಾರೆ, ಹೌದು, ಮಕ್ಕಳಿಗೆ ಅದು ಕೊಲ್ಲುವುದೇ. ಆಗ ಪಕ್ಕದಲ್ಲಿ ನೀವು ಇರಬೇಕು. ಊರಿನ ಬಲೂನುಗಳೆಲ್ಲ ಬರುವ ತನಕ ಎದ್ದು ಹೋಗದ ಹಾಗೆ ಕೈ ಹಿಡಿದಿರಬೇಕು. ಭಾಷೆ ಬೇರೆ ಎಂಬ ಚಿಂತೆ ಬೇಡ. ನೀವು ಪಕ್ಕದಲ್ಲಿ ಕೂತು ಮನೆಮಾತಿನಲ್ಲಿ ಹೇಳುತ್ತಾ ಹೋದರೆ ಸಿನಿಮಾ ಅರ್ಧ ನಿಮ್ಮ ಕಥೆಯಾಗುತ್ತದೆ.

ಕನ್ನಡದ್ದು ಇಲ್ಲವಾ ಎಂದರು ಅಜ್ಜಿ. ಬೇಸರದಿಂದಲೇ ಹೇಳಬೇಕು: ಮಕ್ಕಳ ಬಗ್ಗೆ ಒಳ್ಳೆಯ ಸಿನಿಮಾಗಳಿವೆ, ಐದು ವರ್ಷದವರಿಗೆ ಎಂದು ಮಾಡಿದ್ದು ತೀರಾ ಕಡಿಮೆ. 'ಕೊಟ್ರೇಶಿ ಕನಸು' (1994) ಜಾತಿಯ ಅವಮಾನದ ಕಥೆ, ಒಂಬತ್ತು ಹತ್ತು ವರ್ಷಕ್ಕೆ ಸರಿ, ನೋಡಿದ ಮೇಲೆ ಮಾತಾಡಲು ದೊಡ್ಡವರು ಸಿದ್ಧರಿರಬೇಕು. ನಮ್ಮ ಪಕ್ಕದ ಕಾಸರಗೋಡಿನ ಕನ್ನಡ ಶಾಲೆಯ ಸಿನಿಮಾ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' (2018) ಕೂಡ ಹಾಗೆ, ಮೂರನೇ ನಾಲ್ಕನೇ ಕ್ಲಾಸಿನ ಮೇಲೆ. ಈಗ ಬೇಕಿದ್ದರೆ 'ಚಿನ್ನಾರಿ ಮುತ್ತ'ದ (1993) ಹಾಡುಗಳನ್ನು ಹಾಕಿ, ಕುಣಿಯಲಿ.

ಹೊತ್ತಿನ ಲೆಕ್ಕ ಚಿಕ್ಕದು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಅದೂ ದೊಡ್ಡವರು ಜೊತೆಗಿದ್ದು ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಐದು ದಾಟಿದ, ಹತ್ತರೊಳಗಿನವರಿಗೆ ಎರಡು ಗಂಟೆಗಿಂತ ಕಡಿಮೆ. ತನ್ನಷ್ಟಕ್ಕೆ ಮುಂದಿನದು ಶುರುವಾಗುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ. ಒಂದೇ ಸಿನಿಮಾ ಇಪ್ಪತ್ತು ಸಲ ಕೇಳಿದರೆ ಹಾಕಿ. ಮುಂದೆ ಏನಾಗುತ್ತದೆ ಎಂದು ಗೊತ್ತಿರುವ ಸುಖ ಅದು. ನಿಮಗೆ ಬೋರ್ ಆಗುವುದು ಬೇರೆ ವಿಷಯ.

ಊಟದ ಹೊತ್ತಿನ ಟಿವಿ ಮಾತ್ರ ನಾನು ಸುಲಭವಾಗಿ ಬಿಡಿಸಲಾಗದ್ದು. ಅಜ್ಜಿಯ ಮೊಣಕಾಲಿಗೆ ನನ್ನ ಹತ್ತಿರ ಉತ್ತರವಿಲ್ಲ. ಕೊನೆಗೆ ಆದ ಒಪ್ಪಂದ ಹೀಗೆ: ಮಧ್ಯಾಹ್ನ ಚಿನ್ನು ನೆಲದ ಮೇಲೆ ಚಾಪೆ ಹಾಕಿ ತಾನೇ ಉಣ್ಣುವುದು, ಎಷ್ಟು ಉಂಡರೆ ಅಷ್ಟು, ಅಜ್ಜಿ ಕುರ್ಚಿಯಲ್ಲಿ ಕೂತು ಕಥೆ ಹೇಳುವುದು. ಮೊದಲ ವಾರ ಅರ್ಧ ಅನ್ನ ಚಾಪೆಯ ಮೇಲೆ. ತಾಯಿ ಎರಡು ಸಲ ಫೋನ್ ಮಾಡಿ ದೂರು ಹೇಳಿದರು. ತಂದೆ ತಮ್ಮ ಸಿನಿಮಾವನ್ನು ಮಗು ಮಲಗಿದ ಮೇಲೆ ಇಯರ್‌ಫೋನಿಗೆ ವರ್ಗ ಮಾಡಿದರು.

ಇಂಥ ಹೆದರಿಕೆ ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಕ್ಕೆ ಇಳಿಯುತ್ತದೆ. ಇಳಿಯದೆ ನಿದ್ದೆ, ಊಟ, ಶಾಲೆ ಮೂರೂ ಕೆಡುತ್ತಾ ಹೋದರೆ ಮಕ್ಕಳ ವೈದ್ಯರಿಗೋ ಮನೋವೈದ್ಯರಿಗೋ ತೋರಿಸಬೇಕೆಂದು ಅವರಿಗೂ ಹೇಳಿದ್ದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಇವರಿಗೆ ಅದು ಬೇಕಾಗಲಿಲ್ಲ. ಐದನೇ ವಾರಕ್ಕೆ ಹಾಸಿಗೆ ಒಣಗಿತು. ಪಾರ್ಕಿಂಗಿನಲ್ಲಿ ಅಪ್ಪನ ಕೈ ಹಿಡಿದು ನಡೆಯುತ್ತಾನೆ, ಲಿಫ್ಟಿನ ಹತ್ತಿರದ ಒಂದು ಕಂಬದ ಹತ್ತಿರ ಮಾತ್ರ ಈಗಲೂ ಓಡುತ್ತಾನೆ. ಬಚ್ಚಲುಮನೆಯ ಲೈಟು ಇಡೀ ರಾತ್ರಿ ಉರಿಯುತ್ತದೆ. ಇರಲಿ ಬಿಡಿ ಎಂದಿದ್ದೇನೆ.

ಕೊನೆಯ ಭೇಟಿಯ ದಿನ ಜಗಲಿಯಲ್ಲಿ ನಿಂತು ನನ್ನ ಕಂಬವನ್ನು ಸ್ವಲ್ಪ ದೂರದಿಂದಲೇ ನೋಡಿದ. "ಅವನು ಹೋದ," ಎಂದ ನನಗೆ. "ಅಜ್ಜಿ ಹೇಳಿದ್ರು. ಪ್ರಹ್ಲಾದ ಹತ್ರ ಹೋದ ಮೇಲೆ ಕೋಪ ಹೋಯ್ತು. ಆಮೇಲೆ ಅವನಿಗೆ ಹಸಿವಾಯ್ತು." ಹಸಿವಿನ ವಿಷಯ ಭಾಗವತದಲ್ಲಿ ಇಲ್ಲ. ಅಜ್ಜಿ ಕುರ್ಚಿಯಲ್ಲಿ ಕೂತು ನಗುತ್ತಿದ್ದರು.