ಹೊರಡುವ ಹೊತ್ತಿಗೆ ಗಲಭೆ: ಟಿಕೆಟ್ ರದ್ದು ಮಾಡಲು ಅವಸರ ಬೇಡ

ಪ್ರಶ್ನೆ: ಇನ್ನು ಹತ್ತು ದಿನಕ್ಕೆ ನಾನು, ಪತ್ನಿ ಮತ್ತು ಎಪ್ಪತ್ತು ದಾಟಿದ ತಾಯಿ ವಿದೇಶ ಪ್ರವಾಸ ಹೊರಡಬೇಕು. ನಾವು ಇಳಿಯಬೇಕಾದ ರಾಜಧಾನಿಯಲ್ಲಿ ಇದ್ದಕ್ಕಿದ್ದಂತೆ ಪ್ರತಿಭಟನೆ ಭುಗಿಲೆದ್ದು ಕರ್ಫ್ಯೂ ಹೇರಿದ್ದಾರೆ. ವಿಮಾನಗಳು ಮಾತ್ರ ಹಾರುತ್ತಿವೆ. ಹೋಟೆಲಿಗೆ ಕಟ್ಟಿದ ಹಣ ವಾಪಸಾಗುವುದಿಲ್ಲವಂತೆ. ವಿಮೆಯನ್ನು ಈಗ ಮಾಡಿಸಿದರೆ ಪ್ರಯೋಜನವಿದೆಯೇ? ಎಲ್ಲವನ್ನೂ ಇವತ್ತೇ ರದ್ದು ಮಾಡಿ ಎನ್ನುತ್ತಿದ್ದಾನೆ ಮಗ.

ಉತ್ತರ: ಮಗನ ಆತಂಕ ಸರಿ, ಅವಸರ ಸರಿಯಲ್ಲ. ಇಂಥ ಹೊತ್ತಿನಲ್ಲಿ ಮೊದಲು ರದ್ದು ಮಾಡಿದವರು ಯಾರು ಎಂಬುದರ ಮೇಲೆ ಹಣದ ಲೆಕ್ಕವೆಲ್ಲ ನಿಂತಿರುತ್ತದೆ. ನೀವಾಗಿಯೇ ರದ್ದು ಮಾಡಿದರೆ ಟಿಕೆಟಿನ ಷರತ್ತಿನಂತೆ ಕಡಿತವಾಗುತ್ತದೆ. ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ಸಾಮಾನ್ಯವಾಗಿ ಪೂರ್ತಿ ಹಣವೋ ಬದಲಿ ವಿಮಾನವೋ ಸಿಗುತ್ತದೆ. ವಿಮಾನ ಪ್ರಯಾಣಿಕರ ಹಕ್ಕುಗಳ ಕುರಿತ ಐರೋಪ್ಯ ಒಕ್ಕೂಟದ 261/2004 ನಿಯಮಾವಳಿಯಂತೂ, ರಾಜಕೀಯ ಅಸ್ಥಿರತೆಯಿಂದ ವಿಮಾನ ರದ್ದಾದಾಗ ಹೆಚ್ಚುವರಿ ಪರಿಹಾರಧನ ಕೊಡದಿದ್ದರೂ ನಡೆಯುತ್ತದೆ, ಟಿಕೆಟಿನ ಹಣ ಅಥವಾ ಬದಲಿ ಪ್ರಯಾಣ ಕೊಡದಿದ್ದರೆ ನಡೆಯುವುದಿಲ್ಲ ಎನ್ನುತ್ತದೆ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಗಲಭೆ ಜೋರಾದಾಗ ಎಷ್ಟೋ ಸಂಸ್ಥೆಗಳು ದಿನಾಂಕ ಬದಲಾವಣೆಯ ಶುಲ್ಕವನ್ನು ಮನ್ನಾ ಮಾಡುತ್ತವೆ. ಆ ಪ್ರಕಟಣೆ ಅವರ ಜಾಲತಾಣದ ಯಾವುದೋ ಮೂಲೆಯಲ್ಲಿರುತ್ತದೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಯಾವ ದಿನಾಂಕಗಳ ಟಿಕೆಟಿಗೆ ಅನ್ವಯ, ಯಾವಾಗಿನೊಳಗೆ ಬದಲಾಯಿಸಬೇಕು, ಎಷ್ಟು ಸಲ ಬದಲಾಯಿಸಬಹುದು ಎಂಬ ಮೂರನ್ನೂ ಓದಿ. ಗಡುವು ತಪ್ಪಿದರೆ ಮನ್ನಾ ಕೂಡ ಹೋಯಿತು. ನನ್ನನ್ನು ಕೇಳಿದರೆ, ವಯಸ್ಸಾದ ತಾಯಿ ಜೊತೆಗಿರುವಾಗ ಈ ಪ್ರಕಟಣೆ ಬಂದ ದಿನವೇ ಪ್ರವಾಸ ಮುಂದೂಡಿಬಿಡಿ. ಬಾರದಿದ್ದರೆ ಹೊರಡುವ ಎರಡು ಮೂರು ದಿನ ಮೊದಲಿನವರೆಗೂ ಕಾಯಬಹುದು. ಹೋಗದಿರಲು ನಿರ್ಧರಿಸಿದರೆ ವಿಮಾನ ಹೊರಡುವ ಮುನ್ನವೇ ಸಂಸ್ಥೆಗೆ ತಿಳಿಸಿ. ಸುಮ್ಮನೆ ಮನೆಯಲ್ಲಿ ಉಳಿದವರ ಹಿಂದಿರುಗುವ ಟಿಕೆಟ್ ಕೂಡ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ.

ಹೋಟೆಲಿನವರ ಬಳಿ ಹಣ ಕೇಳಬೇಡಿ, ದಿನಾಂಕ ಕೇಳಿ. ಹಣ ವಾಪಸ್ ಎಂದೊಡನೆ ಷರತ್ತು ತೋರಿಸುವವರು, ಆರು ತಿಂಗಳ ನಂತರ ಬರುತ್ತೇವೆ ಎಂದರೆ ಒಪ್ಪುವುದುಂಟು. ಗಲಭೆಯ ಊರಿನಲ್ಲಿ ಅವರ ಕೋಣೆಗಳೂ ಖಾಲಿಯೇ ಇರುತ್ತವೆ. ಆ್ಯಪ್ ಮೂಲಕ ಕಾಯ್ದಿರಿಸಿದ್ದರೂ ಹೋಟೆಲಿಗೆ ನೇರವಾಗಿ ಬರೆಯಿರಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ.

ಇನ್ನು ವಿಮೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ! ಸುದ್ದಿಯಾದ ಮೇಲೆ ಕೊಂಡ ಪಾಲಿಸಿಗೆ ಅದೇ ಗಲಭೆಯ ನಷ್ಟ ಸಾಮಾನ್ಯವಾಗಿ ಸೇರುವುದಿಲ್ಲ. ಮೊದಲೇ ಕೊಂಡವರೂ ಹೊರಗಿಡುವಿಕೆಗಳ ಪುಟ, ಅಂದರೆ ಯಾವ ನಷ್ಟಕ್ಕೆ ವಿಮೆ ಸಿಗುವುದಿಲ್ಲ ಎಂದು ಹೇಳುವ ಪುಟ, ತೆರೆದು ನೋಡಲಿ. ಯುದ್ಧ, ದಂಗೆ, ನಾಗರಿಕ ಕ್ಷೋಭೆ ಎಂಬ ಪದಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಹೋಗಲು ಭಯವಾಗಿದೆ ಎಂಬುದು ಬಹುತೇಕ ಪಾಲಿಸಿಗಳಿಗೆ ಕಾರಣವೇ ಅಲ್ಲ. ನಿಮ್ಮ ಸರ್ಕಾರ ಹೋಗಬೇಡಿ ಎಂದ ಮೇಲೂ ಹೋದರೆ ಆಸ್ಪತ್ರೆಯ ಖರ್ಚೂ ಕೈತಪ್ಪಬಹುದು.

ಅಂದಹಾಗೆ, ಟಿವಿಯಲ್ಲಿ ಹೊತ್ತಿ ಉರಿಯುವ ಚೌಕ ನಿಮ್ಮ ಹೋಟೆಲಿನಿಂದ ಎಷ್ಟು ದೂರ ಎಂದಷ್ಟೇ ನೋಡಿದರೆ ಸಾಲದು. ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ಯಾವುದು ನೋಡಿ. 2019ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ಪ್ರತಿಭಟನಕಾರರು ನಿಲ್ದಾಣದೊಳಗೇ ಕುಳಿತಿದ್ದರು. ಊರಿನ ತಣ್ಣಗಿದ್ದ ಭಾಗಗಳಲ್ಲಿ ಉಳಿದುಕೊಂಡವರಿಗೂ ಅಂದು ವಿಮಾನ ಸಿಗಲಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಹೋದ ನನ್ನ ತಮ್ಮ ಗಲಭೆಯಲ್ಲಿ ಸಿಕ್ಕಿಕೊಂಡಿದ್ದಾನೆ. ವಿಮಾನ ರದ್ದಾಗಿದೆ, ವೀಸಾ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಟ್ಯಾಕ್ಸಿ ಹಿಡಿದು ಗಡಿ ದಾಟಲೇ ಎನ್ನುತ್ತಿದ್ದಾನೆ.

ಉತ್ತರ: ಬೇಡವೆನ್ನಿ. ಗಡಿಯವರೆಗಿನ ಹೆದ್ದಾರಿ ಹೋಟೆಲಿಗಿಂತ ಅಪಾಯಕಾರಿ, ಆಚೆಯ ದೇಶಕ್ಕೂ ವೀಸಾ ಬೇಕಾಗಬಹುದು. ಮುಚ್ಚಿದ ವಿಮಾನ ನಿಲ್ದಾಣ ಬೇಗ ತೆರೆಯುವುದೂ ಉಂಟು: ನೇಪಾಳದ ಗಲಭೆಯಲ್ಲಿ 2025ರ ಸೆಪ್ಟೆಂಬರ್ 9ರಂದು ಮುಚ್ಚಿದ ಕಠ್ಮಂಡು ನಿಲ್ದಾಣ ಮರುದಿನವೇ ತೆರೆಯಿತು. ವಿಮಾನ ರದ್ದಾದುದಕ್ಕೆ ಸಂಸ್ಥೆಯಿಂದ ಲಿಖಿತ ಪತ್ರ ಪಡೆದು, ವೀಸಾ ಮುಗಿಯುವ ಮೊದಲೇ ಅಲ್ಲಿನ ವಲಸೆ ಕಚೇರಿಗೆ ವಿಸ್ತರಣೆಯ ಅರ್ಜಿ ಹಾಕಲಿ. ಕಚೇರಿ ಮುಚ್ಚಿದ್ದರೆ ಇಮೇಲ್ ಕಳಿಸಿ ಅದರ ಪ್ರತಿ ಇಟ್ಟುಕೊಳ್ಳಲಿ. ತನ್ನ ದೇಶದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆ ನೋಂದಾಯಿಸಲಿ. ಬದಲಿ ವಿಮಾನ ಬೇರೆ ದೇಶದ ಮೂಲಕ ಹೋಗುವುದಾದರೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ಒಪ್ಪುವ ಮೊದಲೇ ವಿಚಾರಿಸಲಿ.

ಟಿಕೆಟ್ ಮತ್ತು ಪಾಸ್‌ಪೋರ್ಟ್ ಪ್ರತಿಗಳನ್ನು ಈಗಲೇ ಹೋಟೆಲಿನಲ್ಲಿ ಮುದ್ರಿಸಿಕೊಳ್ಳಲಿ. 2024ರ ಜುಲೈನಲ್ಲಿ ಬಾಂಗ್ಲಾದೇಶದಾದ್ಯಂತ ಇಂಟರ್‌ನೆಟ್ ದಿನಗಟ್ಟಲೆ ಸ್ಥಗಿತಗೊಂಡಿತ್ತು. ಅಲ್ಲೂ ಹಾಗೆಯೇ ಆದರೆ ಮೊಬೈಲ್‌ನಲ್ಲಿರುವ ಟಿಕೆಟ್ ತೆರೆಯದೇ ಹೋಗಬಹುದು. ಕರ್ಫ್ಯೂ ಇದ್ದರೂ ಅಂದಿನ ಟಿಕೆಟ್ ತೋರಿಸಿದವರನ್ನು ಹಲವೆಡೆ ನಿಲ್ದಾಣಕ್ಕೆ ಬಿಡುತ್ತಾರೆ, 2022ರಲ್ಲಿ ಕೊಲಂಬೊದಲ್ಲಿ ಬಿಟ್ಟಂತೆ. ತಪಾಸಣೆಗೆ ನಿಂತ ಸೈನಿಕ ನೋಡುವುದು ಕಾಗದವನ್ನು.