ರಾಗಿ, ಓಟ್ಸ್ ಪ್ಯಾನ್‌ಕೇಕ್ ಲೋ ಕಾರ್ಬ್ ಅಲ್ಲವಾ? ಬಾದಾಮಿ ಪುಡಿಯದು ಮಗುಚುವಾಗ ಪುಡಿಯಾಗುವುದೇಕೆ?

ನೀವು ಕೇಳಿರುವುದು ಇಷ್ಟು: ಬೆಳಿಗ್ಗೆ ಕೈಯಲ್ಲಿರುವುದು ಹದಿನೈದು ನಿಮಿಷ, ತಂದೆಯವರಿಗೆ ಶುಗರ್ ಇದೆ, ರಾಗಿ–ಓಟ್ಸ್ ಪ್ಯಾನ್‌ಕೇಕ್ ನಡೆಯುತ್ತದೆಯೇ, ಬಾದಾಮಿಯದು ಏಕೆ ಒಡೆಯುತ್ತದೆ.

ರಾಗಿಯ ಮಾತು ಮೊದಲು ಮುಗಿಸೋಣ. ರಾಗಿ ಒಳ್ಳೆಯದೇ, ಆದರೆ ಲೋ ಕಾರ್ಬ್ ಅಲ್ಲ, ಅಂದರೆ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಕಡಿಮೆ ಇರುವ ತಿಂಡಿಯಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಶುಗರ್ ಏರಿಸದ ನಾರನ್ನು ಕಳೆದರೂ 65 ಗ್ರಾಂ ಆಸುಪಾಸು ಕಾರ್ಬ್ ಉಳಿಯುತ್ತದೆ. ಓಟ್ಸ್‌ನಲ್ಲಿ ಸುಮಾರು 55, ಕಡಲೆಹಿಟ್ಟಿನಲ್ಲಿ 47. ಬಾದಾಮಿ ಪುಡಿಯಲ್ಲಿ 10. ಮೊಟ್ಟೆಯಲ್ಲಿ ಲೆಕ್ಕಕ್ಕೇ ಇಲ್ಲದಷ್ಟು. ‘ಬಾಳೆಹಣ್ಣು, ಮೊಟ್ಟೆ, ಅಷ್ಟೇ’ ಎಂದು ವಿಡಿಯೋಗಳಲ್ಲಿ ತೋರಿಸುವ ಪ್ಯಾನ್‌ಕೇಕೂ ಈ ಪಟ್ಟಿಗೆ ಸೇರುವುದಿಲ್ಲ. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯಲ್ಲೇ 20 ಗ್ರಾಂಗಿಂತ ಹೆಚ್ಚು ಕಾರ್ಬ್ ಇರುತ್ತದೆ.

ಇನ್ನು ಒಡೆಯುವುದು. ಗೋಧಿ ಅಥವಾ ಮೈದಾ ಹಿಟ್ಟನ್ನು ಅದರ ಜಿಗುಟು ಹಿಡಿದಿಡುತ್ತದೆ. ಅಕ್ಕಿಯಲ್ಲಿ ಆ ಕೆಲಸ ಪಿಷ್ಟದ್ದು. ಬಾದಾಮಿ ಪುಡಿಯಲ್ಲಿ ಎರಡೂ ಇಲ್ಲ. ಅದನ್ನು ಹಿಡಿದಿಡುವುದು ಮೊಟ್ಟೆ ಮಾತ್ರ, ಅದೂ ಬೆಂದು ಗಟ್ಟಿಯಾದ ಮೇಲೆ. ಆದ್ದರಿಂದ ಇದನ್ನು ದೋಸೆ ಎಂದುಕೊಳ್ಳದೆ, ಪುಡಿ ಬೆರೆಸಿದ ಆಮ್ಲೆಟ್ ಎಂದುಕೊಂಡು ಮಾಡಿ. ಚಿಕ್ಕದಾಗಿ ಹಾಕಬೇಕು, ಸಣ್ಣ ಉರಿ ಇರಬೇಕು, ಮೇಲೆ ಮುಚ್ಚಳ ಬೇಕು.

ಒಬ್ಬರಿಗೆ ಅಳತೆ: ಮೊಟ್ಟೆ 2, ಬಾದಾಮಿ ಪುಡಿ 40 ಗ್ರಾಂ (ಸುಮಾರು 6 ದೊಡ್ಡ ಚಮಚ), ಪನೀರ್ 50 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಿಕ್ಕ ಚಮಚ, ಚಿಟಿಕೆ ಉಪ್ಪು, ಬೇಯಿಸಲು ತುಪ್ಪ. ಬೇರೇನೂ ಬೇಡ. ಅಂಗೈಯಗಲದ ನಾಲ್ಕು ಆಗುತ್ತವೆ. ನಾಲ್ಕೂ ಸೇರಿ ನಾರು ಕಳೆದು 6 ಗ್ರಾಂ ಆಸುಪಾಸು ಕಾರ್ಬ್.

ಮೊಟ್ಟೆ, ಪನೀರ್, ಉಪ್ಪನ್ನು ಮಿಕ್ಸಿಯಲ್ಲಿ 20 ಸೆಕೆಂಡ್ ತಿರುಗಿಸಿ, ಪನೀರ್‌ನ ಗಂಟು ಹೋದರೆ ಸಾಕು. ಹೆಚ್ಚು ತಿರುಗಿಸಿದರೆ ನೊರೆ ಬರುತ್ತದೆ; ಕಾವಲಿಯ ಮೇಲೆ ಚೆನ್ನಾಗಿ ಉಬ್ಬಿ, ತಟ್ಟೆಗೆ ಬರುವಷ್ಟರಲ್ಲಿ ಕುಸಿಯುತ್ತದೆ. ಬಾದಾಮಿ ಪುಡಿ, ಬೇಕಿಂಗ್ ಪೌಡರ್ ಹಾಕಿ ಚಮಚದಲ್ಲಿ ಕಲಸಿ ಮೂರು ನಿಮಿಷ ಬಿಡಿ. ಪುಡಿ ನೆನೆದು ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ಬರಲಿಲ್ಲವೆಂದರೆ ಪನೀರ್‌ನಲ್ಲಿ ನೀರಿತ್ತು ಎಂದರ್ಥ, ಒಂದು ಚಮಚ ಪುಡಿ ಹೆಚ್ಚಿಗೆ ಹಾಕಿ. ಮನೆಯಲ್ಲಿ ಒಡೆಸಿದ ಪನೀರ್ ಆದರೆ ಬಟ್ಟೆಯಲ್ಲಿ ಹಿಂಡಿಯೇ ಬಳಸಿ.

ಕಾವಲಿ ಹದವಾಗಿ ಕಾಯಲಿ, ಚಿಮುಕಿಸಿದ ನೀರು ಚುರ್ ಅನ್ನಬೇಕು. ಆಮೇಲೆ ಉರಿ ಸಣ್ಣಗೆ ಮಾಡಿ, ತುಪ್ಪ ಸವರಿ, ಎರಡು ದೊಡ್ಡ ಚಮಚ ಹಿಟ್ಟು ಹಾಕಿ. ದೋಸೆಯಂತೆ ತಿರುವಿ ಹರಡಬೇಡಿ, ತಾನಾಗಿಯೇ ಹರಡಿದಷ್ಟೇ ಸಾಕು. ಮುಚ್ಚಿ ಎರಡೂವರೆಯಿಂದ ಮೂರು ನಿಮಿಷ. ಮೈದಾ ಪ್ಯಾನ್‌ಕೇಕಿನಲ್ಲಿ ಮೇಲೆ ಗುಳ್ಳೆ ಒಡೆದಾಗ ಮಗುಚುತ್ತಾರಲ್ಲ, ಆ ಗುರುತು ಇಲ್ಲಿ ಸಿಗುವುದಿಲ್ಲ. ಅಂಚಿನ ಹೊಳಪು ಹೋಗಿ, ಮೇಲ್ಭಾಗ ಮುಟ್ಟಿದರೆ ಬೆರಳಿಗೆ ಅಂಟದಂತಾದಾಗ ಮೊಗಚೆ ಕೈಯನ್ನು ಪೂರ್ತಿ ಅಡಿಗೆ ತೂರಿಸಿ ಒಂದೇ ಸಲಕ್ಕೆ ಮಗುಚಿ. ಇನ್ನೊಂದು ಮಗ್ಗುಲಿಗೆ ಒಂದು ನಿಮಿಷ ಸಾಕು. ನಿಮ್ಮದು ಒಡೆದದ್ದು ಬಹುತೇಕ ಇಲ್ಲೇ ಇರಬೇಕು: ದೊಡ್ಡದಾಗಿ ಹಾಕಿ, ಬೇಗ ಮಗುಚಿದ್ದು. ಅಡಿ ಕಪ್ಪಾಗಿ ಮೇಲೆ ಹಸಿ ಉಳಿದರೆ ಉರಿ ಜಾಸ್ತಿಯಾಗಿದೆ. ಬಾದಾಮಿ ಬಲು ಬೇಗ ಸೀಯುತ್ತದೆ.

ಪುಡಿಯನ್ನು ಮನೆಯಲ್ಲೇ ಮಾಡುವುದಾದರೆ ಒಣ ಬಾದಾಮಿಯನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯಿರಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿ ಉಳಿದರೆ ಪ್ಯಾನ್‌ಕೇಕ್ ಆ ತರಿಯ ಜಾಗದಲ್ಲೇ ಬಿರುಕು ಬಿಡುತ್ತದೆ. ಸಿಪ್ಪೆ ಇದ್ದರೆ ಬಣ್ಣ ಕಂದು, ಅಷ್ಟೇ.

ಬಾದಾಮಿ ದುಬಾರಿ ಎಂದು ತೆಂಗಿನ ಹಿಟ್ಟಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಅಂಗಡಿಯ ತೆಂಗಿನ ಹಿಟ್ಟು ಎಣ್ಣೆ ತೆಗೆದದ್ದು, ನೀರನ್ನು ಸಿಕ್ಕಾಪಟ್ಟೆ ಹೀರುತ್ತದೆ. ಎರಡು ಮೊಟ್ಟೆಗೆ 2 ದೊಡ್ಡ ಚಮಚ ಮೀರಬಾರದು. ಬಾದಾಮಿಯಷ್ಟೇ ಹಾಕಿದರೆ ಉಂಡೆ ಕಟ್ಟಬಹುದು! ಮನೆಯಲ್ಲಿ ಕೊಬ್ಬರಿ ಪುಡಿ ಮಾಡಿದ್ದು ತೆಂಗಿನ ಹಿಟ್ಟಲ್ಲ. ಅದರಲ್ಲಿ ಎಣ್ಣೆ ಪೂರ್ತಿ ಇರುತ್ತದೆ, ಕಾವಲಿಯ ಮೇಲೆ ಜಿಡ್ಡು ಬಿಟ್ಟು ಚದುರಿಹೋಗುತ್ತದೆ.

ಮೊಟ್ಟೆ ವಾಸನೆ ಕೆಲವರಿಗೆ ಆಗದು. ಏಲಕ್ಕಿ ಅಥವಾ ದಾಲ್ಚಿನ್ನಿ ಪುಡಿ ಹಾಕಬಹುದು. ನನ್ನ ಪ್ರಕಾರ ಖಾರದ್ದೇ ಮೇಲು: ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಜೊತೆಗೆ ಹುರಿಗಡಲೆ ಹಾಕದ ಕಾಯಿಚಟ್ನಿ. ಸಿಹಿ ಬೇಕೆಂದು ಬೆಲ್ಲ, ಜೇನು ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಒಂದು ದೊಡ್ಡ ಚಮಚ ಜೇನುತುಪ್ಪದಲ್ಲೇ ಸುಮಾರು 17 ಗ್ರಾಂ ಸಕ್ಕರೆ ಇದೆ, ನಾಲ್ಕು ಪ್ಯಾನ್‌ಕೇಕಿಗಿಂತ ಹೆಚ್ಚು.

ಮೊಟ್ಟೆ ತಿನ್ನದವರಿಗೆ ಇದೇ ರುಚಿ, ಇದೇ ಅಂಕಿ ಸಿಗುತ್ತದೆ ಎಂದು ಹೇಳಲಾರೆ. ರಾಜಿ ಎಂದರೆ ಹೀಗೆ: ಕಡಲೆಹಿಟ್ಟು 25 ಗ್ರಾಂ, ಬಾದಾಮಿ ಪುಡಿ 20 ಗ್ರಾಂ, ಇಸಬಗೋಲು ಒಂದು ಚಿಕ್ಕ ಚಮಚ, ಮೊಸರು 2 ದೊಡ್ಡ ಚಮಚ, ಉಪ್ಪು, ನೀರು ಸುಮಾರು 80 ಮಿ.ಲೀ. ಐದು ನಿಮಿಷ ಬಿಟ್ಟರೆ ಇಸಬಗೋಲು ಊದಿ ಹಿಟ್ಟು ಬಿಗಿಯುತ್ತದೆ. ನೀರು ಸೇರಿಸಿ ಸಡಿಲ ಮಾಡಿ, ತೆಳ್ಳಗೆ ಹಾಕಿ, ಮುಚ್ಚಿ ಬೇಯಿಸಿ. ಕಾರ್ಬ್ 15 ಗ್ರಾಂ ಸುತ್ತಮುತ್ತ ಆಗುತ್ತದೆ. ಇಸಬಗೋಲು ಎರಡು ಚಮಚ ಹಾಕಿದರೆ ಗೋಂದು ಜಗಿದಂತೆ, ಆಸೆಪಡಬೇಡಿ.

ಬೆಳಗಿನ ಅವಸರಕ್ಕೆ ಐದು ದಿನದ ಒಣಪುಡಿಯನ್ನು (ಬಾದಾಮಿ ಪುಡಿ 200 ಗ್ರಾಂ, ಬೇಕಿಂಗ್ ಪೌಡರ್ ಎರಡೂವರೆ ಚಿಕ್ಕ ಚಮಚ) ಬೆರೆಸಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಹೊರಗಿಟ್ಟರೆ ಕಮಟು ಹಿಡಿಯುತ್ತದೆ. ಹಿಟ್ಟನ್ನೇ ರಾತ್ರಿ ಕಲಸಿಡಬೇಡಿ, ಬೆಳಿಗ್ಗೆಗೆ ಬೇಕಿಂಗ್ ಪೌಡರ್‌ನ ಕಸುವು ಹೋಗಿರುತ್ತದೆ.

ರೆಡಿಮೇಡ್ ಮಿಕ್ಸ್ ಕೊಂಡರೆ ಪ್ಯಾಕೆಟ್ಟಿನ ಮುಂಭಾಗ ನೋಡಬೇಡಿ, ಹಿಂದೆ ಓದಿ. ‘ಸಕ್ಕರೆ ಸೊನ್ನೆ’ ಎಂದಿದ್ದೂ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ, ಸಕ್ಕರೆಯಂತೆಯೇ ಶುಗರ್ ಏರಿಸುವ ಪುಡಿ), ಮರಗೆಣಸಿನ ಪಿಷ್ಟ ತುಂಬಿರುವುದುಂಟು. ಹೊರದೇಶದಲ್ಲಿರುವವರಿಗೆ ಇನ್ನೊಂದು ಮಾತು: ಅಮೆರಿಕದ ಲೇಬಲ್‌ನ ಒಟ್ಟು ಕಾರ್ಬ್‌ನಲ್ಲಿ ನಾರೂ ಸೇರಿದೆ, ಕಳೆಯಬೇಕು, ಯುರೋಪಿನದರಲ್ಲಿ ನಾರು ಮೊದಲೇ ಬೇರೆ, ಮತ್ತೆ ಕಳೆದರೆ ಲೆಕ್ಕ ತಪ್ಪುತ್ತದೆ.

ತಂದೆಯವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇಡ್ಲಿ ಬಿಡಿಸಿ ಇದನ್ನು ಶುರುಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಅದೇ ಡೋಸ್‌ಗೆ ತಿಂಡಿಯ ಕಾರ್ಬ್ ದಿಢೀರ್ ಇಳಿದರೆ ಶುಗರ್ ತೀರಾ ಕೆಳಗೆ ಹೋಗಬಹುದು.